ಚೀಲ ಕಳೆದು ಇಪ್ಪತ್ಮೂರು ಕೆ.ಜಿ.

"ನೀನು ಪಾಸ್‌ಪೋರ್ಟ್ ನೋಡ್ಕೋ, ಪೆಟ್ಟಿಗೆ ನನಗೆ ಬಿಡು! ಮೂವತ್ತು ವರ್ಷದಿಂದ ಮೂಟೆ ಕಟ್ಟಿದ ಕೈ ಇದು!"

ಮೂಡಿಗೆರೆಯ ಕಾಫಿ ವ್ಯಾಪಾರಿ ಮಲ್ಲೇಶ್ ತಲೆಯ ಮೇಲಿನ ಉಣ್ಣೆಯ ಟೋಪಿ ಸರಿಮಾಡಿಕೊಳ್ಳುತ್ತ ಹೀಗೆ ಘೋಷಿಸಿದಾಗ ಹೆಂಡತಿ ಸುಪ್ರಿಯಾ ಥಟ್ಟನೆ ಒಪ್ಪಿಬಿಟ್ಟಳು. ಆಗಲೇ ಅವನು ಹುಷಾರಾಗಬೇಕಿತ್ತು.

ಚಿಕ್ಕಮಗಳೂರಿನಲ್ಲಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿಯ ರುಚಿ ನೋಡಿ ದರ್ಜೆ ಹೇಳುವುದು ಸುಪ್ರಿಯಾಳ ಕೆಲಸ. ಆ ನಾಲಿಗೆಗೆ ಈಗ ರುವಾಂಡಾ ದೇಶದಿಂದ ಕರೆ ಬಂದಿತ್ತು. ಆರು ತಿಂಗಳು ಅಲ್ಲಿದ್ದು ಅಲ್ಲಿನವರಿಗೆ ರುಚಿ ನೋಡುವುದನ್ನು ಕಲಿಸಬೇಕು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅದೇ ನಾಲಿಗೆಯ ಬೈಗುಳವನ್ನೂ ಉಂಡಿದ್ದ ಮಲ್ಲೇಶ್ ಊರೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದ. ನೇಮಕದ ಪತ್ರದ ಕೊನೆಯಲ್ಲಿ 'ಅಗತ್ಯವಿದ್ದರೆ ಅವಧಿಯನ್ನು ಮುಂದುವರಿಸಬಹುದು' ಎಂಬ ಸಾಲಿತ್ತು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ತಾನೊಬ್ಬನೇ ನಾಲ್ಕು ಸಲ ಓದಿಕೊಂಡ.

ಐದನೆಯ ಸಲ ಓದುವ ಬದಲು ಪೆಟ್ಟಿಗೆ ತುಂಬತೊಡಗಿದ. ಮನೆಯನ್ನು ಮರೆಯಲು ಬಿಡದಂಥ ಸಾಮಾನುಗಳೇ ಎಲ್ಲ! ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಹಿತ್ತಾಳೆಯ ಶ್ಯಾವಿಗೆ ಒರಳು, ಸಾಲದ್ದಕ್ಕೆ ಎರಡು ಕೆ.ಜಿ. ಕಾಫಿಪುಡಿ.

"ರೀ, ನಾನು ಹೋಗ್ತಿರೋದೇ ಕಾಫಿ ತೋಟಕ್ಕೆ!"

"ಅದು ಅವರ ಕಾಫಿ. ಇದು ನಮ್ದು."

"ತೂಕ ಸರಿಯಾಗಿದ್ಯಾ? ವಿಮಾನದಲ್ಲಿ ಇಪ್ಪತ್ಮೂರು ಕೆ.ಜಿ. ಮಾತ್ರ ಬಿಡೋದು."

ಮಲ್ಲೇಶ್ ಮೇಸ್ತ್ರಿ ರುದ್ರಪ್ಪನನ್ನು ಕರೆದು, ಗೋಡೌನಿನ ತಕ್ಕಡಿಗೆ ಪೆಟ್ಟಿಗೆ ಏರಿಸಿ, ಶಾಸ್ತ್ರೋಕ್ತವಾಗಿ ತೂಗಿದ. "ಇಪ್ಪತ್ಮೂರು ಕೆ.ಜಿ.! ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಡಿಮೆ ಇಲ್ಲ!"

ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ಒಳಗೆ ಬರಲು ಪಾಸು ಪಡೆದು, ಸ್ವತಃ ತಾನೇ ಪೆಟ್ಟಿಗೆಯನ್ನು ಕೌಂಟರಿನ ಪಕ್ಕದ ತೂಕದ ಪಟ್ಟಿಯ ಮೇಲಿಟ್ಟ. ಕೆಂಪು ಅಂಕಿ ಬೆಳಗಿತು: 27.8.

"ಸರ್, ಐದು ಕೆ.ಜಿ. ಹತ್ರ ಜಾಸ್ತಿ ಇದೆ," ಎಂದಳು ಕೌಂಟರಿನಾಕೆ.

"ಚೀಲ ಕಳೀರಿ ಮೇಡಂ!"

"ಏನು ಕಳೀಬೇಕು?"

"ಖಾಲಿ ಪೆಟ್ಟಿಗೆ ನಾಲ್ಕೂ ಮುಕ್ಕಾಲು ಕೆ.ಜಿ. ಇದೆ. ಅದು ಮಾಲಲ್ವಲ್ಲ! ನಾವು ಮೂಟೆ ತೂಗಿದ್ರೆ ಗೋಣಿಚೀಲದ ತೂಕ ಕಳೆದೇ ಲೆಕ್ಕ ಹಿಡಿಯೋದು. ಇಡೀ ಮಲೆನಾಡಲ್ಲಿ ಯಾರನ್ನ ಬೇಕಾದ್ರೂ ಕೇಳಿ!"

"ವಿಮಾನ ಪೆಟ್ಟಿಗೇನೂ ಹೊರಬೇಕಲ್ಲ ಸರ್."

ಹಿಂದಿನ ಸಾಲು ಗೊಣಗತೊಡಗಿತು. ಹೆಚ್ಚಿನ ಭಾರಕ್ಕೆ ದುಡ್ಡು ಕಟ್ಟಲು ಜೇಬಿಗೆ ಕೈಹಾಕಿದವನನ್ನು ಸುಪ್ರಿಯಾ ತಡೆದಳು.

"ಬೇಡ. ಆ ಕಡೆ ಎತ್ಕೊಂಡು ಓಡಾಡೋಳು ನಾನು."

ಪೆಟ್ಟಿಗೆ ನೆಲದ ಮೇಲೆ ತೆರೆಯಿತು. ಶ್ಯಾವಿಗೆ ಒರಳು ಹೊರಬಂತು. ಕಾಫಿಪುಡಿ ಬಂತು. ಹಪ್ಪಳ, ಉಪ್ಪಿನಕಾಯಿ ಮೆರವಣಿಗೆ ಹೊರಟವು. ಅವಳ ಬಟ್ಟೆ, ಪುಸ್ತಕ, ರುಚಿ ನೋಡುವ ಚಮಚ ಯಾವುದೂ ಕದಲಲಿಲ್ಲ. ಹೆಚ್ಚಾದದ್ದೆಲ್ಲ ಮಲ್ಲೇಶನದೇ! ಅವನು ಆ ರಾಶಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಆರು ತಿಂಗಳ ಮಟ್ಟಿಗೆ ತನ್ನದು ಎನ್ನುವಂಥದ್ದು ಒಂದೂ ಅವಳ ಜೊತೆ ಹೋಗುತ್ತಿಲ್ಲ.

"ಏನಾದ್ರೂ ಒಂದು ಇಟ್ಕೋ ಮಾರಾಯ್ತಿ," ಎಂದ ಸಣ್ಣ ದನಿಯಲ್ಲಿ.

ಸುಪ್ರಿಯಾ ರಾಶಿಯನ್ನು ನೋಡಿದಳು. ಅವನನ್ನು ನೋಡಿದಳು. ಆಮೇಲೆ ಕೈಚಾಚಿ ಅವನ ತಲೆಯ ಮೇಲಿನ ಉಣ್ಣೆಯ ಟೋಪಿಯನ್ನು ಕಿತ್ತು ಪೆಟ್ಟಿಗೆಯೊಳಗೆ ತುರುಕಿ ಜಿಪ್ ಎಳೆದಳು! ಹತ್ತು ವರ್ಷದಿಂದ ಊರವರಾರೂ ಕಂಡಿರದ ಮಲ್ಲೇಶನ ಬೋಳುತಲೆ ನಿಲ್ದಾಣದ ದೀಪಗಳಡಿ ಲೋಕಾರ್ಪಣೆಯಾಯಿತು.

"ಅಯ್ಯೋ, ಅದ್ಯಾಕೇ?"

"ವಾಪಸ್ ಕೊಡೋಕಾದ್ರೂ ಬರ್ಬೇಕಲ್ಲ, ಅದಕ್ಕೆ," ಎಂದಳು. ತೂಕ ಇಪ್ಪತ್ಮೂರರೊಳಗೇ ನಿಂತಿತು.

ಮಲ್ಲೇಶ್ ಚಾರ್ಮಾಡಿ ಘಾಟಿ ಹತ್ತಿ ಬಂದ. ಪಕ್ಕದ ಸೀಟಿನಲ್ಲಿ ಶ್ಯಾವಿಗೆ ಒರಳು ಹೆಂಡತಿಯಂತೆಯೇ ಗಂಭೀರವಾಗಿ ಕೂತಿತ್ತು. ಕೊಟ್ಟಿಗೆಹಾರದಲ್ಲಿ ತಿಂಡಿಗೆ ಇಳಿದಾಗ ಹೋಟೆಲಿನ ಉಮೇಶ್ ಅವನ ತಲೆ ನೋಡಿ ಕೈಮುಗಿದ.

"ಧರ್ಮಸ್ಥಳಕ್ಕೆ ಹೋಗಿದ್ರಾ ಮಾರಾಯ್ರೆ? ಮುಡಿ ಕೊಟ್ಟು ಬಂದ್ರಾ?"

ನಿಜ ಹೇಳಲು ಬಾಯಿ ತೆರೆದ ಮಲ್ಲೇಶ್ ಯಾಕೋ ತಡೆದ. "ಹೂಂ," ಎಂದ. "ಸುಪ್ರಿಯಾ ಹೊರದೇಶಕ್ಕೆ ಹೋದ್ಲು. ಆರು ತಿಂಗಳಿಗೆ ವಾಪಸ್ ಬರ್ಲಿ ಅಂತ ಹರಕೆ."

"ಆರೇ ತಿಂಗಳಲ್ವಾ!" ಉಮೇಶ್ ನೀರುದೋಸೆಯ ತಟ್ಟೆ ಇಟ್ಟು ಧೈರ್ಯ ಹೇಳಿದ. "ನೀವೇನೂ ಯೋಚ್ನೆ ಮಾಡ್ಬೇಡಿ. ನಿಮ್ಮ ಕೂದ್ಲು ಬೆಳೆಯೋದ್ರೊಳಗೆ ಅವ್ರು ಬಂದ್ಬಿಡ್ತಾರೆ!"