ನಾನು ಸಮುದ್ರದಲ್ಲಿ ದೋಣಿ ವಾಲಿಸಿದ್ದು

ಸ್ಕೂಟರ್ ಓಡಿಸಬಲ್ಲವನಿಗೆ ದೋಣಿ ಓಡಿಸುವುದು ಎಷ್ಟರ ಮಾತು ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಸ್ಕೂಟರಿಗಾದರೆ ಎದುರಿಗೆ ಬಸ್ಸು, ಎಮ್ಮೆ, ಜಯನಗರದ ಗುಂಡಿಗಳು. ಸಮುದ್ರದಲ್ಲಿ ಏನಿದೆ? ನೀರು!

ಎಂಬತ್ತರ ದಶಕದ ಆರಂಭದ ಮಾತು. ಮಲ್ಪೆಯಲ್ಲಿ ನೌಕರಿಯಲ್ಲಿದ್ದ ನನ್ನ ಭಾವಮೈದುನ ಸುರೇಶ ಹಳೆಯದೊಂದು ಪುಟ್ಟ ಮೋಟಾರು ದೋಣಿ ಕೊಂಡಿದ್ದ. ಡಿಸೆಂಬರ್ ರಜೆಯಲ್ಲಿ ಅದರಲ್ಲಿ ಮಡದಿ ವಿಮಲಳನ್ನು ಕೂರಿಸಿಕೊಂಡು ಕರಾವಳಿಯುದ್ದಕ್ಕೂ ಕಾರವಾರದವರೆಗೆ ಹೋಗುವುದೆಂದು ತೀರ್ಮಾನಿಸಿದೆ. ಹಗಲು ಪ್ರಯಾಣ, ಸಂಜೆ ದಡದ ಯಾವುದಾದರೂ ಊರಿನಲ್ಲಿ ವಸತಿ. ಈ ತೀರ್ಮಾನವನ್ನು ವಿಮಲಳಿಗೆ ತಿಳಿಸುವ ಮೊದಲೇ ನಮ್ಮ ಕ್ರಾಸಿನ ಎಲ್ಲ ಮನೆಗಳಿಗೂ ತಿಳಿಸಿದ್ದೆ.

"ಮನೆ ಮುಂದೆ ಸ್ಕೂಟರ್ ಸ್ಟಾರ್ಟ್ ಮಾಡೋಕ್ಕೇ ಒದ್ದಾಡ್ತೀರ. ನಡು ನೀರಲ್ಲಿ ದೋಣಿ ನಿಂತ್ರೆ ಏನ್ರೀ ಮಾಡ್ತೀರ?" ಎಂದಳು ವಿಮಲ.

ಸ್ಕೂಟರಿನ ಮೇಲೆ ಅವಳಿಗೆ ಮೊದಲಿನಿಂದಲೂ ಕೋಪ. ಅದನ್ನು ಹೊರಡಿಸಲು ದಿನಾ ಬೆಳಗ್ಗೆ ಒಂದು ಶಾಸ್ತ್ರವಿತ್ತು. ಪೆಟ್ರೋಲ್ ನಾಬ್ ತೆರೆಯಬೇಕು, ಗಾಡಿಯನ್ನು ಪಕ್ಕಕ್ಕೆ ಚೆನ್ನಾಗಿ ವಾಲಿಸಿ ಎಂಜಿನ್ನಿಗೆ ಪೆಟ್ರೋಲ್ ಇಳಿಸಬೇಕು, ಆಮೇಲೆ ಒದೆಯಬೇಕು. ನಿಲ್ಲಿಸಿದಾಗ ಮರೆಯದೆ ನಾಬ್ ಮುಚ್ಚಬೇಕು. ವಾಲಿಸುವಾಗ ಹಿಂದೆ ಹಿಡಿದುಕೊಳ್ಳುವ ಕೆಲಸ ವಿಮಲಳದು. ಅದನ್ನು ಮಾರಿಸಬೇಕೆಂಬುದು ಅವಳ ಬಹುದಿನದ ಆಸೆ. ನನಗೋ ಆ ಗಾಡಿ ಎಂದರೆ ಪ್ರಾಣ.

"ನೀವೇ ಓಡಿಸ್ಕೊಂಡು ನನ್ನ ಕಾರವಾರ ಮುಟ್ಟಿಸಿದ್ರೆ ಗಾಡಿ ನಿಮ್ದು. ಇಲ್ಲಾಂದ್ರೆ ವಾಪಸ್ ಬಂದ್ಮೇಲೆ ಅದರ ಗತಿ ನಾನು ಹೇಳಿದ ಹಾಗೆ. ಆಗ್ಬಹುದಾ?"

"ಓಹೋ, ಧಾರಾಳವಾಗಿ!" ಎಂದೆ.

ಮಲ್ಪೆಯಲ್ಲಿ ಸುರೇಶ ನನಗೆ ದೋಣಿಯ ಪಾಠ ಹೇಳಿಕೊಟ್ಟ. "ಭಾವ, ದಡ ಬಿಟ್ಟು ದೂರ ಮಾತ್ರ ಹೋಗ್ಬೇಡಿ" ಎಂದು ಮತ್ತೆ ಮತ್ತೆ ಹೇಳಿದ. ಪಾಪ, ಅವನಿಗೆ ನನ್ನ ಯೋಗ್ಯತೆ ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತು.

ಮೊದಲೆರಡು ದಿನ ಸ್ವರ್ಗ! ತಲೆಗೆ ಟವೆಲ್ ಸುತ್ತಿ, ಚುಕ್ಕಾಣಿ ಹಿಡಿದು, ಎದೆಯುಬ್ಬಿಸಿ ಕುಳಿತೆ.

"ಅದೇನ್ರೀ ಅಲ್ಲಿ ಕಾಣಿಸ್ತಿರೋದು?"

"ಅದಾ? ಅದು... ಬಂಡೆ."

ವಿಮಲ ಸಮುದ್ರ ನೋಡಿದ್ದೇ ಮೊದಲು. ಬೊಗಸೆಯಲ್ಲಿ ನೀರು ಮೊಗೆದು ಸಣ್ಣ ಹುಡುಗಿಯ ಹಾಗೆ ನಕ್ಕಳು. ನಿಜ ಹೇಳುತ್ತೇನೆ, ಮದುವೆಯಾದ ಮೇಲೆ ಅವಳನ್ನು ಅಷ್ಟು ಖುಷಿಯಾಗಿ ನಾನು ನೋಡಿರಲಿಲ್ಲ.

ಭಟ್ಕಳ ದಾಟಿದ ಮೇಲೆ ಒಂದು ಮಧ್ಯಾಹ್ನ ದಡಕ್ಕೆ ದೋಣಿ ತಂದು ನಿಲ್ಲಿಸಿ ಪುಳಿಯೋಗರೆ ತಿಂದೆವು. ಮತ್ತೆ ಹೊರಟು ಸ್ವಲ್ಪ ದೂರ ಹೋಗಿರಬೇಕು, ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಎಂಜಿನ್ ಹೊರಡಿಸುವ ಹಗ್ಗ ಎಳೆದೆ. ಎಳೆದೆ. ತೋಳು ಕಿತ್ತು ಬರುವಷ್ಟು ಎಳೆದೆ. ಸ್ಕೂಟರ್ ಕಣ್ಣ ಮುಂದೆ ಬಂತು.

"ಪೆಟ್ರೋಲ್ ಇಳೀತಿಲ್ಲ. ವಿಮಲ, ಹಿಂದೆ ಹಿಡ್ಕೋ. ವಾಲಿಸಬೇಕು."

"ಏನನ್ನ?"

"ದೋಣೀನ!"

"ರೀ, ಕೆಳಗಿರೋದು ನೀರು ಕಣ್ರೀ!"

"ಎಂಜಿನ್ ಎಲ್ಲಾ ಒಂದೇ. ನಂಗೆ ಗೊತ್ತು, ನೀನು ಹಿಡ್ಕೋ!"

ದೋಣಿಯ ಅಂಚಿನ ಮೇಲೆ ಎರಡೂ ಕಾಲಿಟ್ಟು ಭಾರ ಬಿಟ್ಟೆ. ಸ್ಕೂಟರ್ ವಾಲಿದರೆ ನನ್ನ ತೊಡೆಗೆ ಒರಗಿ ನಿಲ್ಲುತ್ತಿತ್ತು. ಇಲ್ಲಿ ದೋಣಿಗೆ ಒರಗಲು ನಾನಿದ್ದೆ, ನನಗೆ ಒರಗಲು ಅರಬ್ಬಿ ಸಮುದ್ರವಿತ್ತು. ದೋಣಿ ವಾಲಿತು. ನಾನು ಬಿದ್ದೆ. ಪುಳಿಯೋಗರೆ ಡಬ್ಬಿಯೂ ಬಿತ್ತು. ಭಾರ ಇಳಿದದ್ದೇ ತಡ, ದೋಣಿ ನೆಟ್ಟಗಾಯಿತು.

"ಕಾಪಾಡಿ! ಯಾರಾದ್ರೂ ಕಾಪಾಡೀ!" ಎಂದು ಉಪ್ಪುನೀರು ಕುಡಿಯುತ್ತಾ ಬೊಬ್ಬೆ ಹೊಡೆದೆ.

"ರೀ, ಎದ್ದು ನಿಂತ್ಕೊಳ್ರೀ!"

ನಿಂತೆ. ನೀರು ಎದೆಮಟ್ಟ ಇತ್ತು.

ವಿಮಲ ದೋಣಿಗೆ ನುಗ್ಗಿದ ನೀರನ್ನು ಚೊಂಬಿನಲ್ಲಿ ಎತ್ತಿ ಚೆಲ್ಲುತ್ತಿದ್ದವಳು, ಎಂಜಿನ್ನಿನ ಕಡೆ ನೋಡಿ ಗಕ್ಕನೆ ನಿಂತಳು.

"ಊಟಕ್ಕೆ ನಿಲ್ಸಿದಾಗ ಈ ನಾಬ್ ಮುಚ್ಚಿದ್ದು ಯಾರು?"

ಸಮುದ್ರದಲ್ಲಿ ಇದ್ದವರು ನಾವಿಬ್ಬರೇ. ಮನೆಯಲ್ಲಿ ಗಾಡಿ ನಿಲ್ಲಿಸಿದಾಗ ಮುಚ್ಚುವ ಹಾಗೆಯೇ ಮುಚ್ಚಿಬಿಟ್ಟಿದ್ದೆ!

ಅವಳು ನಾಬ್ ತೆರೆದಳು, ಸೆರಗು ಸಿಕ್ಕಿಸಿದಳು, ಹಗ್ಗ ಎಳೆದಳು. ಎಂಜಿನ್ ಧಡಧಡ ಎಂದಿತು. ಹೇಗೋ ಹತ್ತಿ ಚುಕ್ಕಾಣಿಗೆ ಕೈ ಹಾಕಿದೆ.

"ಮುಟ್ಬೇಡಿ. ಮಧ್ಯದಲ್ಲಿ ಕೂತ್ಕೊಳ್ಳಿ. ಅಲ್ಲಾಡ್ಬೇಡಿ."

ಕಾರವಾರ ಬಂತು. ಅಲ್ಲಿಯತನಕ ನಾನು ಮಧ್ಯದಲ್ಲಿ ಕುಳಿತಿದ್ದೆ, ಅಲ್ಲಾಡಲಿಲ್ಲ.

ಜಯನಗರಕ್ಕೆ ಮರಳಿದಾಗ ಕ್ರಾಸಿನವರೆಲ್ಲ ಮುತ್ತಿಕೊಂಡರು. ನನ್ನ ಮಾನ ಹೋಯಿತು ಎಂದುಕೊಂಡೆ. ವಿಮಲ ಮಾತ್ರ, "ಕಾರವಾರದ ತನಕ ಹೋಗಿ ಬಂದ್ವಿ, ತುಂಬ ಚೆನ್ನಾಗಿತ್ತು" ಎಂದಷ್ಟೇ ಹೇಳಿ ಒಳಗೆ ಹೋದಳು. ನನ್ನ ಕಣ್ಣು ತುಂಬಿ ಬಂತು. ಇಂಥ ಹೆಂಡತಿಗಾಗಿ ಸ್ಕೂಟರ್ ಮಾರಿದರೂ ಚಿಂತೆಯಿಲ್ಲ ಎನಿಸಿ, ಹಾಗೆಯೇ ಅವಳಿಗೆ ಹೇಳಿದೆ.

"ಮಾರೋದು ಯಾಕೆ?" ಎಂದಳು. "ಕೀ ಕೊಡಿ ಇಲ್ಲಿ."

ಒಂದೇ ತಿಂಗಳಲ್ಲಿ ಕಲಿತುಬಿಟ್ಟಳು! ಫೋರ್ತ್ ಬ್ಲಾಕಿನ ಮಾರ್ಕೆಟ್ ಹತ್ತಿರ ಎದುರುಮನೆ ಮೂರ್ತಿ ನಮ್ಮನ್ನು ತಡೆದು ನಿಲ್ಲಿಸಿದರು.

"ಏನ್ ಸಾರ್, ಕಾರವಾರದ ತನಕ ದೋಣಿ ಬಿಟ್ಟೋರು ನೀವು! ಹಿಂದೆ ಕೂತ್ಬಿಟ್ಟಿದೀರಲ್ಲ?"

ಏನಾದರೊಂದು ಸುಳ್ಳು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ವಿಮಲ ಗೇರ್ ಹಾಕಿದಳು. ನಾನು ತರಕಾರಿ ಚೀಲವನ್ನು ಭದ್ರವಾಗಿ ತಬ್ಬಿಕೊಂಡೆ.