ಕರಿಯಂಚಿನ ಹಾಳೆಯ ಕೊನೆಯ ಸಾಲು

ಸ್ತಾಮೆನ್ ಮೇಷ್ಟ್ರಿಗೆ ಆ ದಿನ ಒದಗಿದ ಕಂಟಕಕ್ಕೆಲ್ಲ ಮೂಲ, ಅವರ ತಾಯಿ ಬೆಳಗಾಗೆದ್ದು ಶಾಲೆಯ ಬಾಗಿಲಿಗೆ ಅಂಟಿಸಿ ಬಂದ ಒಂದು ಕರಿಯಂಚಿನ ಹಾಳೆ. ತಾತ ತೀರಿಕೊಂಡು ವರ್ಷ ತುಂಬಿತ್ತು. ಸತ್ತವರ ಪಟ, ಹೆಸರು ಅಚ್ಚುಹಾಕಿಸಿ ಗೋಡೆ, ಮರ, ಬಾಗಿಲಿಗೆಲ್ಲ ಅಂಟಿಸದಿದ್ದರೆ ಬಲ್ಗೇರಿಯಾದ ಆ ಊರಲ್ಲಿ ವರ್ಷಾಬ್ದಿ ಆದಂತೆಯೇ ಅಲ್ಲ. ತಾತನ ಹೆಸರೂ ಸ್ತಾಮೆನ್ ಕರಾಜೊವ್. ತಾತನೂ ಅದೇ ಶಾಲೆಯ ಮೇಷ್ಟ್ರು. ಸಿಕ್ಕಿದ ಒಂದೇ ಪಟ ಮೂವತ್ತರ ಹರೆಯದ್ದು. ಮೊಮ್ಮಗನದೇ ಮೂಗು, ಮೊಮ್ಮಗನದೇ ಪೊರಕೆ ಮೀಸೆ.

ಅವತ್ತೇ ಇನ್ಸ್‌ಪೆಕ್ಟರ್ ಪಾನೋವಾ ಪಾಠ ನೋಡಲು ಬರುವವರಿದ್ದರು. ಅವರು ಮೆಚ್ಚಿದರೆ ಕೆಲಸ ಕಾಯಂ, ಇಲ್ಲವಾದರೆ ಮಾವನ ಕುರಿದೊಡ್ಡಿಯೇ ಗತಿ. ಅದಕ್ಕೆಂದೇ ಮೇಷ್ಟ್ರು ಆರನೇ ತರಗತಿಗೆ ತಿಂಗಳಿಡೀ ಓದಿನ ಉಪಾಯ ಕಲಿಸಿದ್ದರು: "ಮೊದಲು ತಲೆಬರಹ ನೋಡಿ, ಚಿತ್ರ ನೋಡಿ, ಮುಂದೇನಿದೆ ಅಂತ ಊಹಿಸಿ. ಆಮೇಲೆ ಕೊನೇತನಕ ಓದಿ, ಊಹೆ ಸರಿಯಾ ಅಂತ ತಾಳೆ ನೋಡಿ." ಮಕ್ಕಳು ಮೊದಲರ್ಧವನ್ನು ಮಂತ್ರದಂತೆ ಕಲಿತಿದ್ದರು.

ಇಸ್ತ್ರಿ ಅಂಗಿ ತೊಟ್ಟು ಮೇಷ್ಟ್ರು ಬೀದಿಗಿಳಿದದ್ದೇ ತಡ, ಪಕ್ಕದ ಮನೆಯ ಡೆಸ್ಪಾ ಅಜ್ಜಿ ಎದೆಯ ಮೇಲೆ ಶಿಲುಬೆ ಗೀಚಿಕೊಂಡಳು.

"ಅಯ್ಯೋ ದೇವ್ರೇ! ನೀನು ಸತ್ತೋಗಿದೀಯಂತಲ್ಲೋ ಮಗಾ! ನಿನ್ನ ಹೆಸರಲ್ಲಿ ಗೋಧಿ ಬೇಯಿಸಿಟ್ಟಿದೀನಿ!"

"ಯಾರಜ್ಜಿ ಹೇಳಿದ್ದು?"

"ನಿನ್ನ ಶಾಲೆ ಮಕ್ಕಳೇ ಅತ್ಕೊಂಡು ಬಂದು ಹೇಳಿದ್ರು. ಬಾಗಿಲಲ್ಲಿ ಓದಿದ್ರಂತೆ. ಇರ್ಲಿ, ಬೇಯಿಸಿದ್ದು ಹಾಳಾಗ್ಬಾರ್ದು, ಒಂದು ತುತ್ತು ತಿನ್ನು."

ತಮ್ಮ ತಿಥಿಯೂಟವನ್ನು ತಾವೇ ಉಂಡು ಮೇಷ್ಟ್ರು ಓಟ ಕಿತ್ತರು. ಕ್ಷೌರದ ಸಾವಾ ಅಂಗಡಿಯಿಂದಲೇ ಕೂಗಿದ: "ಲೋಕ ಬಿಟ್ಟು ಹೋಗೋದೇ ಆದ್ರೆ, ಇಸ್ಕೊಂಡೋದ ನನ್ನ ಏಣಿ ಎಲ್ಲಿಟ್ಟಿದೀರಿ ಅಂತ ಹೇಳಿ ಹೋಗಿ ಮೇಷ್ಟ್ರೇ!"

ತರಗತಿಯೋ, ಸಾವಿನ ಮನೆ. ಮೇಜಿನ ಮೇಲೆ ಮೇಣದ ಬತ್ತಿ. ಸತ್ತವರಿಗೆ ಇಡುವಂತೆ ಜೋಡಿ ಜೋಡಿ ಹೂವು. ಮಕ್ಕಳು ಸೋರುವ ನಲ್ಲಿಗಳಂತೆ ಅಳುತ್ತಿದ್ದರು. ಮೇಷ್ಟ್ರನ್ನು ಕಂಡು ಮುಂದಿನ ಬೆಂಚಿನ ಕಲಿನಾ ಕಿಟಾರನೆ ಕಿರುಚಿದಳು. ಕೊನೆಯ ಬೆಂಚಿನಲ್ಲಿ ಇನ್ಸ್‌ಪೆಕ್ಟರ್ ಪಾನೋವಾ ಏನೋ ಬರೆಯುತ್ತಿದ್ದರು.

"ಮೇಡಂ, ನಾನು... ಬದುಕಿದೀನಿ!"

"ಗೊತ್ತು ಮೇಷ್ಟ್ರೇ. ನಾನು ಆ ಹಾಳೆ ಪೂರ್ತಿ ಓದಿದೀನಿ. 'ತೊಂಬತ್ತು ತುಂಬಿ ಬಾಳಿದ ನಮ್ಮ ತಾತ' ಅಂತ ಕೊನೇಲಿದೆ." ವರದಿಯನ್ನು ಮಡಚಿ ಅವರ ಕೈಗಿತ್ತು, ಬಸ್ಸಿಗೆ ಹೊತ್ತಾಯಿತೆಂದು ಆಕೆ ಎದ್ದೇಬಿಟ್ಟರು.

ಮೇಷ್ಟ್ರು ಬಿಡಿಸಿ ಮೊದಲ ಸಾಲು ಓದಿದರು. "ಮಕ್ಕಳ ಪ್ರೀತಿಯನ್ನು ಇಷ್ಟು ಗಳಿಸಿದ ಶಿಕ್ಷಕರನ್ನು ನಾನು ಕಂಡಿಲ್ಲ." ಅಷ್ಟೇ ಸಾಕಾಯಿತು! ಸತ್ತವರು ಎದ್ದುಬಂದದ್ದು ಈಗ ನಿಜವಾಯಿತು.

"ಕೆಲಸ ಕಾಯಂ ಕಣ್ರೋ!" ಎಂದು ಕುಣಿದರು. ಬೇಕರಿಯಿಂದ ಚೀಸ್ ತುಂಬಿದ ಬಿಸಿ ಬಿಸಿ ಬನಿತ್ಸಾ ಬಂತು. ಮುಖ್ಯೋಪಾಧ್ಯಾಯಿನಿ ಓಡಿ ಬಂದು ಎರಡೂ ಕೆನ್ನೆಗೆ ಮುತ್ತಿಟ್ಟರು.

ಕಲಿನಾ ಮಾತ್ರ ಎಣ್ಣೆಗೈಯಲ್ಲಿ ವರದಿ ಹಿಡಿದು ನಿಂತಿದ್ದಳು. "ಮೇಷ್ಟ್ರೇ, ಕೊನೇತನಕ ಓದಿ ತಾಳೆ ನೋಡ್ಬೇಕು ಅಂದಿದ್ರಲ್ಲ?"

"ಓದಮ್ಮ ಓದು, ಎಲ್ಲರೂ ಕೇಳಲಿ!"

ಅವಳು ಗಟ್ಟಿಯಾಗಿ ಓದಿದಳು: "ಆದರೆ ಇವರ ಮಕ್ಕಳಲ್ಲಿ ಒಬ್ಬರೂ ಬಾಗಿಲ ಹಾಳೆಯನ್ನು ಕೊನೆಯವರೆಗೆ ಓದಿಲ್ಲ. ಆದ್ದರಿಂದ ಇವರನ್ನು ಕಾಯಂ ಮಾಡುವಂತಿಲ್ಲ." ತಲೆಯೆತ್ತಿ ಕೇಳಿದಳು, "ಸರಿಯಾಗಿ ಓದಿದ್ನಾ ಮೇಷ್ಟ್ರೇ?"

"ಭೇಷ್ ಕಲಿನಾ. ಪೂರ್ತಿ ಸರಿ."

ಹೊರಗೆ ಇನ್ಸ್‌ಪೆಕ್ಟರರ ಬಸ್ಸು ತಿರುವು ದಾಟಿತು. ಮೇಷ್ಟ್ರು ಮೇಜಿನ ಬಳಿ ಬಂದು, ಆರಿಹೋಗಿದ್ದ ಮೇಣದ ಬತ್ತಿಯನ್ನು ತಾವೇ ಮತ್ತೆ ಹಚ್ಚಿದರು.