ಬೇಸ್‌ಬಾಲ್ ಮುಗಿಯುವವರೆಗೆ ಏಳಬಾರದು

ನಮ್ಮ ಮನೆತನದಲ್ಲಿ ದೇವರನ್ನು ನಂಬದವರು ಇಬ್ಬರು ಮೂವರಿದ್ದಾರೆ. ಆದರೆ ಮ್ಯಾಚು ನಡೆಯುವಾಗ ಕೂತ ಜಾಗ ಬಿಟ್ಟು ಎದ್ದರೆ ನಮ್ಮ ಕಡೆಯ ವಿಕೆಟ್ ಬೀಳುತ್ತದೆ ಎಂಬುದನ್ನು ನಂಬದವರು ಒಬ್ಬರೂ ಇಲ್ಲ. ಈ ಶಾಸ್ತ್ರವನ್ನು ನಮಗೆಲ್ಲ ಕಲಿಸಿದವರು ಬಸವನಗುಡಿಯ ನನ್ನ ಸೋದರಮಾವ. ಒಮ್ಮೆ ಅವರ ಮಾತು ಕೇಳಿ, ಬಾಗಿಲಿಗೆ ಬಂದ ಬೀಗರನ್ನು ಕೊನೆಯ ಓವರು ಮುಗಿಯುವವರೆಗೆ ಬಿಸಿಲಲ್ಲೇ ನಿಲ್ಲಿಸಿದ್ದೆವು. ಬೀಗರು ಇಂದಿಗೂ ಸರಿಯಾಗಿ ಮಾತಾಡಿಸುವುದಿಲ್ಲ. ಮ್ಯಾಚು ಮಾತ್ರ ಗೆದ್ದಿದ್ದೆವು.

ಅಂಥ ಮಾವ ಈಚೆಗೆ ಹಾಸಿಗೆ ಹಿಡಿದರು. ಆ ಮಧ್ಯಾಹ್ನ ಕೋಣೆಯಲ್ಲಿದ್ದವರು ನಾಲ್ಕೇ ಜನ. ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡು ಮಂಚದ ಮೇಲೆ ಮಾವ, ಅವರ ಕಾಲ ಬಳಿ ಅತ್ತೆ, ಕಿಟಕಿಗೆ ಒರಗಿಕೊಂಡು ನನ್ನ ಹೆಂಡತಿ ಗಿರಿಜಾ, ಕುಂಟುವ ಸ್ಟೂಲಿನ ಮೇಲೆ ನಾನು. ಡಾಕ್ಟರು ಬೆಳಗ್ಗೆ ಬಂದು, "ಇನ್ನು ಪಥ್ಯಗಿಥ್ಯ ಬೇಡ, ಏನ್ ಕೇಳಿದ್ರೂ ಕೊಡಿ" ಎಂದು ಹೇಳಿ ಹೋಗಿದ್ದರು. ಬೋಂಡಾ ಕೇಳುತ್ತಾರೆಂದುಕೊಂಡು ಅತ್ತೆ ಬಾಣಲೆ ತೊಳೆದಿಟ್ಟಿದ್ದರು. ಮಾವ ಕೇಳಿದ್ದು ಬೇಸ್‌ಬಾಲ್.

ಮಾವ ಹುಡುಗನಾಗಿದ್ದಾಗ ಅವರ ಮನೆಯ ಮಹಡಿಯಲ್ಲಿ ಅಮೆರಿಕದ ಮೇಷ್ಟರೊಬ್ಬರು ಬಾಡಿಗೆಗಿದ್ದರಂತೆ. ಅವರ ರೇಡಿಯೋದಲ್ಲಿ ಒಂದು ದೊಡ್ಡ ಬೇಸ್‌ಬಾಲ್ ಪಂದ್ಯ. ಮೇಷ್ಟರ ಊರಿನ ತಂಡವೇ ಮಾವನ ತಂಡವೂ ಆಯಿತು. ಎರಡೂ ಕಡೆ ಸಮಸಮವಾಗಿ, ಇನ್ನೇನು ಕೊನೆಯ ಸರದಿ ಶುರುವಾಗಬೇಕು, ಕರೆಂಟು ಹೋಯಿತು. ಮರುದಿನ ಯಾವುದೋ ಊರಿಗೆ ಹೊರಟ ಮೇಷ್ಟರು ಆಮೇಲೆ ಸಾಮಾನು ತರಿಸಿಕೊಂಡರೇ ಹೊರತು ತಿರುಗಿ ಬರಲಿಲ್ಲ. ಯಾರು ಗೆದ್ದರೆಂಬುದು ಎಪ್ಪತ್ತು ವರ್ಷವಾದರೂ ಮಾವನಿಗೆ ಗೊತ್ತಾಗಲಿಲ್ಲ. ಲೈಬ್ರರಿಯಲ್ಲಿ ನೋಡಬಹುದಿತ್ತಲ್ಲ ಎಂದರೆ, "ಓದಿ ತಿಳ್ಕೊಳೋಕೆ ಅದೇನು ಪರೀಕ್ಷೆ ರಿಸಲ್ಟಾ? ಕೂತು ಕೇಳ್ಬೇಕು ಕಣೋ" ಎನ್ನುತ್ತಿದ್ದರು.

ಆ ಪಂದ್ಯದ ಕಾಮೆಂಟರಿಯನ್ನು ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿಗೆ ಏರಿಸಿದ್ದರು. ಗಿರಿಜಾ ಅದನ್ನು ಹುಡುಕಿ, ಫೋನನ್ನು ಮಾವನ ದಿಂಬಿನ ಪಕ್ಕ ಇಟ್ಟಳು. ಇಟ್ಟು ಬಂದು ನನ್ನ ಕಿವಿಯಲ್ಲಿ, "ರೀ, ನೋಡ್ದೆ. ಇವರ ಕಡೆಯೋರು ಸೋಲ್ತಾರೆ" ಎಂದಳು.

"ಏನದು ಗುಸುಗುಸು?" ಎಂದರು ಮಾವ. "ಲೋ ಸೀನ, ಸ್ಟೂಲ್ ಬಿಟ್ಟು ಏಳ್ಬೇಡ. ಮ್ಯಾಚ್ ಮುಗಿಯೋವರ್ಗೂ."

"ಆಡ್ದೋರೆಲ್ಲ ಸತ್ತು ಸ್ವರ್ಗ ಸೇರಿರ್ತಾರೆ. ಇವ್ನು ಎದ್ರೆಷ್ಟು, ಕೂತ್ರೆಷ್ಟು?" ಎಂದರು ಅತ್ತೆ.

"ನೀನೂ ಏಳ್ಬೇಡ."

ಕರೆಂಟು ಹೋದ ಜಾಗದಿಂದಲೇ ಹಾಕಿದೆವು. ಡ್ರಾ ಎಂದು ಕೈಕುಲುಕಿ ಮನೆಗೆ ಹೋಗುವ ಸುಖ ಬೇಸ್‌ಬಾಲಿನಲ್ಲಿಲ್ಲ. ಸಮವಾದರೆ ಇನ್ನೊಂದು ಸರದಿ, ಆಮೇಲೆ ಮತ್ತೊಂದು. ಆ ಗೊರಗೊರದಲ್ಲಿ ರೇಡಿಯೋ ಯಾವುದು, ಮಾವನ ಎದೆ ಯಾವುದು ಎಂದು ತಿಳಿಯುತ್ತಿರಲಿಲ್ಲ. ಸೋಲುತ್ತಾರೆಂದು ಗೊತ್ತಿದ್ದೂ ನಾನು ಮಿಸುಕದೆ ಕೂತಿದ್ದೆ. ಕಾಲು ಜೋಮು ಹಿಡಿಯಿತು. ಕಡೆಗೆ ತಡೆಯಲಾರದೆ, ಒಂದೇ ಒಂದು ಕ್ಷಣ, ಎದ್ದು ಕಾಲು ಒದರಿದೆ. ಫೋನಿನೊಳಗೆ ಜನ ಹೋ ಎಂದು ಕೂಗಿದರು. ಪಂದ್ಯ ಮುಗಿದಿತ್ತು.

ಮಾವ ನಿಧಾನವಾಗಿ ನನ್ನ ಕಡೆ ತಿರುಗಿ, "ಕೆಡಿಸ್ದ್ಯಲ್ಲೋ ಮುಂಡೇದೆ!" ಎಂದರು. ಅವರ ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ನೆಮ್ಮದಿಯಿತ್ತು. ಸೋಲಿಗೆ ಕಾರಣ ಸಿಕ್ಕಿತ್ತಲ್ಲ.

ಮರುದಿನ ಬೆಳಗ್ಗೆ ಅವರ ಉಸಿರು ಬೇರೆ ಥರ ಆಯಿತು. ನಾನು ಹೋಗಿ ಅದೇ ಸ್ಟೂಲಿನ ಮೇಲೆ ಕೂತೆ. ಗಿರಿಜಾ ತಿಂಡಿಗೆ ಕರೆದಳು, ಏಳಲಿಲ್ಲ. ಡಾಕ್ಟರು ಬಂದರು, ಮರ್ಯಾದೆಗೂ ಏಳಲಿಲ್ಲ. ಅತ್ತೆ ನನ್ನನ್ನು ನೋಡಿದರು, ಸ್ಟೂಲನ್ನು ನೋಡಿದರು. ತಾವೂ ನಿನ್ನೆಯ ಜಾಗದಲ್ಲೇ, ಮಾವನ ಕಾಲ ಬಳಿ ಕೂತರು.

ಮಧ್ಯಾಹ್ನ ಮಾವ ಹೋದರು. ನಾವಿಬ್ಬರೂ ಕೂತೇ ಇದ್ದೆವು.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ಪಕ್ಕದ ಮನೆಯವರು ಫ್ಲಾಸ್ಕಿನಲ್ಲಿ ಕಾಫಿ ತಂದರು. "ಇನ್ನು ಏಳೋ ಸೀನ" ಎಂದರು ಅತ್ತೆ. ಎದ್ದೆ. ಕಾಲು ಜೋಮು ಹಿಡಿದು ಬೀಳುವಂತಾಯಿತು. ಅತ್ತೆ ನನ್ನ ರಟ್ಟೆ ಹಿಡಿದುಕೊಂಡರು.